ನಾಳೆಯಿಲ್ಲದ ಕ್ರಿಯಾಪದ

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಕರಡಮ್ಮ ಎಂದು ಕರೆಯುತ್ತಿದ್ದರು. ಕರಡು ತಿದ್ದುವುದು ಅವಳ ಕೆಲಸ, ಅದಕ್ಕೆ ಆ ಹೆಸರು. ಮೆಷಿನ್ ಓಡಿಸುವವನು ಖುಷಿಯಲ್ಲಿದ್ದ ದಿನ ಅದನ್ನೇ ಎಳೆದು ಕರಡಿಯಮ್ಮ ಮಾಡುತ್ತಿದ್ದ. ಅವಳು ತಲೆಯೆತ್ತದೆ ಗುರ್ ಎನ್ನುತ್ತಿದ್ದಳು, ಸುತ್ತ ಇದ್ದವರು ನಗುತ್ತಿದ್ದರು. ಆಗ ಅವಳಿಗೆ ಇಪ್ಪತ್ತಾರು ವರ್ಷ. ಮನೆಯಲ್ಲಿ ಅಮ್ಮ, ಇನ್ನೂ ಓದುತ್ತಿದ್ದ ಇಬ್ಬರು ತಂಗಿಯರು. ಅಪ್ಪ ತೀರಿಕೊಂಡ ವರ್ಷವೇ ಅವಳು ಓದು ಬಿಟ್ಟು ಇಲ್ಲಿಗೆ ಬಂದಿದ್ದಳು.

ಅವಳು ಓದು ಬಿಟ್ಟಾಗ ಅವಳಿಗಿಂತ ಹೆಚ್ಚು ನೊಂದವರು ಫ್ರೆಂಚ್ ಮೇಷ್ಟ್ರು. ಶಾಲೆಯಲ್ಲಿ ಫ್ರೆಂಚ್ ಎಂದರೆ ಬೇಕಾದವರು ಮಾತ್ರ ತೆಗೆದುಕೊಳ್ಳುವ ವಿಷಯ. ಅವಳ ತರಗತಿಯಲ್ಲಿ ಇದ್ದವರು ಏಳೇ ಜನ. ಅದರಲ್ಲಿ ಆರು ಜನ ಪಕ್ಕದ ಕೋಣೆಯ ಲೆಕ್ಕದ ಪಾಠದಿಂದ ತಪ್ಪಿಸಿಕೊಳ್ಳಲು ಬಂದವರು. ಅವಳೊಬ್ಬಳು ಮಾತ್ರ ಕ್ರಿಯಾಪದಗಳ ಬಾಲ ಬದಲಾಗುವುದನ್ನು ಆಟದ ಹಾಗೆ ಕಲಿತಳು. ‘ನಾನು’ ಎಂದರೆ ಒಂದು ಬಾಲ, ‘ನಾವು’ ಎಂದರೆ ಇನ್ನೊಂದು, ನಿನ್ನೆಗೊಂದು, ನಾಳೆಗೊಂದು. ಮೇಷ್ಟ್ರು ಹೊಸ ಕ್ರಿಯಾಪದವನ್ನು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಅವಳು ಅದರ ನಾಳೆಯ ರೂಪವನ್ನು ಒಪ್ಪಿಸಿಬಿಡುತ್ತಿದ್ದಳು.

“ಮಗು, ನೀನು ಬಾಲ ನೋಡೇ ಅದು ಕತ್ತೆಯೋ ಕುದುರೆಯೋ ಹೇಳಿಬಿಡ್ತೀಯ,” ಎನ್ನುತ್ತಿದ್ದರು ಮೇಷ್ಟ್ರು.

ಅಚ್ಚುಕೂಟದ ಯಜಮಾನರಿಗೆ ಹೇಳಿ ಅವಳಿಗೆ ಈ ಕೆಲಸ ಕೊಡಿಸಿದವರೂ ಅವರೇ.

ಅಲ್ಲಿ ಅಕ್ಷರ ಜೋಡಿಸುತ್ತಿದ್ದವನಿಗೆ ಮೊಳೆಯಣ್ಣ ಎಂದು ಹೆಸರು. ಸೀಸದ ಅಚ್ಚುಮೊಳೆಗಳನ್ನು ಮರದ ಖಾನೆಗಳಿಂದ ಒಂದೊಂದಾಗಿ ಹೆಕ್ಕಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡ ಅಕ್ಷರಗಳನ್ನು ಸಾಲುಗಟ್ಟುವುದು ಅವನ ಕಸುಬು. ಕಿಟಕಿ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷದಿಂದ ಕೂತವನು. ಹೆಬ್ಬೆರಳು ತೋರುಬೆರಳುಗಳ ತುದಿಗಳು ಎಷ್ಟು ತೊಳೆದರೂ ಹೋಗದ ಹಾಗೆ ಕಪ್ಪಾಗಿದ್ದವು. ಅವನಿಗೆ ಫ್ರೆಂಚಿನ ಒಂದಕ್ಷರವೂ ಬಾರದು. ಆದರೂ ಮೇಷ್ಟ್ರ ಪುಸ್ತಕ ಅಚ್ಚಿಗೆ ಬಂದಾಗ ಅವನು ಜೋಡಿಸಿದ ಪುಟಗಳಲ್ಲಿ ತಿದ್ದುವುದಕ್ಕೆ ಏನೂ ಸಿಗುತ್ತಿರಲಿಲ್ಲ.

“ಹೆಂಗೆ ಮೊಳೆಯಣ್ಣ, ಒಂದು ತಪ್ಪೂ ಇಲ್ವಲ್ಲ?” ಎಂದು ಅವಳು ಕೇಳಿದ್ದಳು.

“ಅರ್ಥ ಗೊತ್ತಿರೋರು ಇರಬೇಕಾದ್ದನ್ನ ಓದ್ತಾರೆ. ನಾನು ಇರೋದನ್ನ ನೋಡ್ತೀನಿ. ಟೋಪಿ ಇದ್ರೆ ಟೋಪಿ, ಬಾಲ ಇದ್ರೆ ಬಾಲ,” ಎಂದಿದ್ದ. ಆ ಭಾಷೆಯ ಕೆಲವು ಅಕ್ಷರಗಳ ನೆತ್ತಿಯ ಮೇಲೆ ಗೀಟು, ಟೋಪಿಯಂಥ ಗುರುತು, ಒಂದರ ಅಡಿಯಲ್ಲಿ ಬಾಲ ಇರುತ್ತದೆ. ಅವುಗಳ ಮೊಳೆಗಳನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿ ಬೇರೆ ಊರಿನಿಂದ ತರಿಸಿದ್ದರು. ಮೊಳೆಯಣ್ಣ ಆ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಪುಸ್ತಕಕ್ಕೆ ಮೇಷ್ಟ್ರು ಹದಿನೆಂಟು ವರ್ಷ ಕಳೆದಿದ್ದರು. ಇನ್ನೂರ ಹನ್ನೆರಡು ಕ್ರಿಯಾಪದ, ಒಂದೊಂದಕ್ಕೂ ಒಂದು ಪುಟ. ಮೇಲೆ ಅರ್ಥ, ಅದರ ಕೆಳಗೆ ಆ ಪದ ಎಲ್ಲಿಂದ ಬಂತು ಎಂಬ ನಾಲ್ಕಾರು ಸಾಲು, ಆಮೇಲೆ ಕಾಲಗಳ ಪಟ್ಟಿ. ಎಲ್ಲವನ್ನೂ ಹಳೆಯ ಪರೀಕ್ಷೆಯ ಹಾಳೆಗಳ ಹಿಂಬದಿಯಲ್ಲಿ ಬರೆದಿದ್ದರು. ಪುಟ ತಿರುಗಿಸಿದರೆ ಯಾವುದೋ ಕಾಲದ ಮಕ್ಕಳ ತಪ್ಪು ಉತ್ತರಗಳೂ ಅವರ ಕೆಂಪು ಶಾಯಿಯೂ ಕಾಣುತ್ತಿದ್ದವು.

ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ಮೇಷ್ಟ್ರ ಎರಡೂ ಕಣ್ಣಿಗೆ ಒಂದಾದ ಮೇಲೊಂದು ಆಪರೇಷನ್ ಆಯಿತು. ಎರಡು ತಿಂಗಳು ಏನನ್ನೂ ಓದಕೂಡದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ನೋಡಲು ಹೋದ ಅವಳಿಗೆ ಮೇಷ್ಟ್ರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಹೇಳಿದರು:

“ಕಡೇ ಕರಡು ನೀನೇ ನೋಡಿ ಅಚ್ಚಿಗೆ ಬಿಡು. ನನ್ನ ಕಣ್ಣು ಇನ್ನು ನೀನೇ ಅಂದ್ಕೋ. ಎಲ್ಲಾದ್ರೂ ಬಿಟ್ಟಿದ್ರೆ ತುಂಬಿಸು.”

ಅವರು ಬಿಟ್ಟದ್ದೂ ಉಂಟು. ಒಂದು ಪುಟದಲ್ಲಿ ‘ನೀವು’ ರೂಪವೇ ಇರಲಿಲ್ಲ, ಇನ್ನೊಂದರಲ್ಲಿ ಒಂದು ಸಾಲು ಹಾರಿಹೋಗಿತ್ತು. ಅವಳು ತುಂಬಿಸಿ ಹೇಳಿದಾಗ ಮೇಷ್ಟ್ರು ಕೈ ಚಾಚಿ ಅವಳ ತಲೆ ಎಲ್ಲಿದೆ ಎಂದು ತಡಕಿ ಸವರಿದ್ದರು. ಅವತ್ತಿಡೀ ಅವಳ ಕಾಲು ನೆಲದ ಮೇಲಿರಲಿಲ್ಲ.

ಹೀಗಿರುವಾಗ ‘ಜೇಜೀರ್’ ಎಂಬ ಕ್ರಿಯಾಪದದ ಪುಟ ಅವಳ ಮೇಜಿಗೆ ಬಂತು. ತರಗತಿಯಲ್ಲಿ ಎಂದೂ ಕೇಳದ ಪದ. ಅರ್ಥ: ಬಿದ್ದಿರು, ಒರಗಿರು. ಮೂಲ: ಲ್ಯಾಟಿನ್ನಿನ ‘ಯಾಕೇರೆ’. ಅದರ ಕೆಳಗೆ ಪಟ್ಟಿ. ಈಗ ನಡೆಯುತ್ತಿರುವುದಕ್ಕೆ ಆರು ಸಾಲು ಇದ್ದವು: ‘ಜ ಜೀ’, ನಾನು ಬಿದ್ದಿದ್ದೇನೆ, ‘ಇಲ್ ಜೀ’, ಅವನು ಬಿದ್ದಿದ್ದಾನೆ, ‘ನೂ ಜೀಜೋಂ’, ನಾವು ಬಿದ್ದಿದ್ದೇವೆ. ಹಿಂದೆ ನಡೆಯುತ್ತಿದ್ದುದಕ್ಕೆ ಆರು ಸಾಲು ಇದ್ದವು. ಮುಗಿದುಹೋದದ್ದಕ್ಕೆ ಮತ್ತು ಮುಂದೆ ಆಗುವುದಕ್ಕೆ ಇರಬೇಕಾದ ಹನ್ನೆರಡು ಸಾಲು ಬರೀ ಖಾಲಿ.

ಮೊಳೆಯಣ್ಣ ಒಂದು ಹಾಳೆ ನೋಡದೆ ಬಿಟ್ಟನೇನೋ ಎಂದುಕೊಂಡು ಅವಳು ಮೂಲ ತೆಗೆದು ನೋಡಿದಳು. ಅದರಲ್ಲೂ ಖಾಲಿಯೇ. ಕೆಲವು ಕ್ರಿಯಾಪದಗಳಿಗೆ ‘ನಾನು’, ‘ನೀನು’ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಳೆ ಸುರಿಯುವುದಕ್ಕೆ ‘ನಾನು’ ಹೇಗೆ ಬಂದೀತು? ಆದರೆ ಒಂದು ಕ್ರಿಯಾಪದಕ್ಕೆ ನಾಳೆಯೇ ಇಲ್ಲ ಎನ್ನುವುದನ್ನು ಅವಳು ಕೇಳಿರಲಿಲ್ಲ. ಪಾಪ, ಮೇಷ್ಟ್ರು ಮರೆತಿದ್ದಾರೆ ಎಂದುಕೊಂಡಳು. ನಿಯಮ ನೋಡಿ, ಬಾಲ ಹಚ್ಚಿ, ‘ಜ ಜೇಜೀರೇ’ ಎಂದು ಶುರುಮಾಡಿ ಹನ್ನೆರಡು ಸಾಲನ್ನೂ ತನ್ನ ದುಂಡಗಿನ ಅಕ್ಷರದಲ್ಲಿ ಕರಡಿನ ಮೇಲೆ ಬರೆದಳು. ಮೇಷ್ಟ್ರ ಮನೆಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಇಪ್ಪತ್ತು ನಿಮಿಷದ ದಾರಿ. ಕೇಳಬೇಕು ಅನ್ನಿಸಲಿಲ್ಲ.

ಮೊಳೆಯಣ್ಣ ಕರಡನ್ನು ಬೆಳಕಿಗೆ ಹಿಡಿದು ನೋಡಿದ.

“ಮೇಷ್ಟ್ರ ಕಾಗದದಲ್ಲಿ ಇದಿಲ್ವಲ್ಲ ತಾಯಿ.”

“ಬಿಟ್ಟಿದ್ದಾರೆ. ತುಂಬಿಸು ಅಂತ ಅವರೇ ಹೇಳಿದ್ದಾರೆ.”

“ಹನ್ನೆರಡು ಸಾಲು ಬಿಡ್ತಾರಾ?”

“ಮೊಳೆಯಣ್ಣ, ಫ್ರೆಂಚ್ ನಿಮಗೆ ಬರುತ್ತಾ, ನನಗೆ ಬರುತ್ತಾ?”

ಅವನು ಅವಳ ಮುಖವನ್ನೊಮ್ಮೆ ನೋಡಿ ಜೋಡಿಸಲು ಕೂತ.

ಪುಸ್ತಕದ ಮುನ್ನುಡಿಯನ್ನು ಯಾವಾಗಲೂ ಕಡೆಗೆ ಅಚ್ಚು ಹಾಕುತ್ತಾರೆ. ಮೂರು ವಾರದ ನಂತರ ಅದರ ಹಸ್ತಪ್ರತಿ ಬಂತು. ಮೇಷ್ಟ್ರು ಬಾಯಲ್ಲಿ ಹೇಳಿ ತಂಗಿಯ ಮಗಳ ಕೈಲಿ ಬರೆಸಿದ್ದರು. ಎರಡನೇ ಪುಟದಲ್ಲಿ ಹೀಗಿತ್ತು: ‘ಪಟ್ಟಿಗಳಲ್ಲಿ ಇಡೀ ಕಾಲವೇ ಖಾಲಿ ಇರುವ ಕಡೆ ಓದುಗರು ಗಾಬರಿಯಾಗಬಾರದು. ಅವು ಮರೆತ ಜಾಗಗಳಲ್ಲ. ಭಾಷೆಯಲ್ಲೇ ಆ ರೂಪಗಳಿಲ್ಲ.’

ಅವಳು ಆ ಸಾಲನ್ನು ಓದಿದಳು, ಮತ್ತೆ ಓದಿದಳು. ಎದ್ದು ಹಿಂದಿನ ಕೋಣೆಗೆ ಹೋದಳು. ಆ ಪುಟವಿದ್ದ ಹಾಳೆಗಳು ಸಾವಿರ ಪ್ರತಿಗೂ ಅಚ್ಚಾಗಿ, ಮಡಿಚಿ, ಸೊಂಟದೆತ್ತರಕ್ಕೆ ಪೇರಿಸಿದ್ದವು. ಪಕ್ಕದಲ್ಲಿ ಬೈಂಡರ್ ಮಾವ ಸೂಜಿಗೆ ದಾರ ಪೋಣಿಸುತ್ತಿದ್ದ. ಅವನು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

“ಏನಮ್ಮಾ?” ಎಂದ.

“ಏನಿಲ್ಲ ಮಾವ.”

ಆಗಲೂ ಕಾಲ ಮಿಂಚಿರಲಿಲ್ಲ. ಆ ಒಂದು ಹಾಳೆಯನ್ನು ಹೊಸದಾಗಿ ಅಚ್ಚು ಹಾಕಿದ್ದರೆ ಆಗುತ್ತಿತ್ತು. ಯಜಮಾನರು ಕೂಗಾಡುತ್ತಿದ್ದರು, ಒಂದು ವಾರ ತಡವಾಗುತ್ತಿತ್ತು, ಅಷ್ಟೇ. ಅವಳು ಯಜಮಾನರ ಬಾಗಿಲವರೆಗೂ ಹೋದಳು. ಒಳಗೆ ಅವರು ಯಾರಿಗೋ, “ನಮ್ಮ ಕರಡಮ್ಮನ ಕೈಗೆ ಹೋಗಿ ಬಂದ್ರೆ ಮುಗೀತು, ಕಣ್ಣುಮುಚ್ಚಿ ಅಚ್ಚು ಹಾಕಬಹುದು,” ಎನ್ನುತ್ತಿದ್ದರು. ಅವಳು ವಾಪಸ್ಸು ಬಂದಳು. ಇನ್ನೂರ ಹನ್ನೆರಡರಲ್ಲಿ ಆ ಒಂದು ಪುಟವನ್ನು ಯಾರು ನೋಡುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿದಳು. ಸಂಜೆ ಮನೆಗೆ ಹೋಗುವಾಗ, ತಾನು ಬರೆದಿದ್ದ ಆ ಕರಡಿನ ಹಾಳೆಯನ್ನು ಮಡಿಚಿ ಕೈಚೀಲಕ್ಕೆ ಹಾಕಿಕೊಂಡಳು.

ಪುಸ್ತಕದ ಬಿಡುಗಡೆ ಇದ್ದದ್ದು ಶಾಲೆಯ ಸಭಾಂಗಣದಲ್ಲಿ, ಒಂದು ರಜೆಯ ದಿನ ಬೆಳಿಗ್ಗೆ. ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಶಾಲೆಗಳಿಗೆ ಪುಸ್ತಕ ಆರಿಸುವ ಸಮಿತಿಯ ಇಬ್ಬರು ಮುಂದಿನ ಸಾಲಿನಲ್ಲಿದ್ದರು. ಅಚ್ಚುಕೂಟದವರಿಗೆಲ್ಲ ಕರೆ ಇತ್ತು. ಮೊಳೆಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೆಂಡತಿಯ ಜೊತೆ ಬಂದಿದ್ದ. ಮೇಷ್ಟ್ರು ಹೊಸ ದಪ್ಪ ಕನ್ನಡಕ ಹಾಕಿಕೊಂಡು ನಿಂತರು. ಪುಸ್ತಕವನ್ನು ಮೊದಲ ಸಲ ಕೈಗೆ ತೆಗೆದುಕೊಂಡದ್ದೇ ಆಗ.

“ಎಲ್ಲ ಹೇಳಿ ನಿಮ್ಮ ತಲೆ ತಿನ್ನಲ್ಲ. ಒಂದೇ ಒಂದು ಪುಟ ಓದ್ತೀನಿ. ನಮ್ಮನೆಯವಳು ತೀರಿಕೊಂಡ ತಿಂಗಳು ನಾನು ಬರೆದ ಪುಟ ಅದು,” ಎಂದರು.

ಅವರು ಪುಟ ಹುಡುಕುತ್ತಿರುವಾಗಲೇ ಅವಳಿಗೆ ಗೊತ್ತಾಗಿ ಹೋಯಿತು.

“ಜೇಜೀರ್. ಬಿದ್ದಿರು ಅಂತ ಅರ್ಥ. ಕಾಯಿಲೆಯವರಿಗೆ, ಸತ್ತವರಿಗೆ, ಒಡೆದು ಬಿದ್ದ ವಸ್ತುಗಳಿಗೆ ಮಾತ್ರ ಇದನ್ನ ಬಳಸ್ತಾರೆ. ಆ ಭಾಷೆಯವರ ಸಮಾಧಿ ಕಲ್ಲುಗಳ ಮೇಲೆ ‘ಸೀ-ಜೀ’ ಅಂತ ಇರುತ್ತೆ, ‘ಇಲ್ಲಿ ಮಲಗಿದ್ದಾರೆ’ ಅಂತ. ಇದರ ಮೂಲ ಲ್ಯಾಟಿನ್. ಅಲ್ಲಿ ‘ಎಸೆ’ ಅನ್ನೋದೂ ‘ಬಿದ್ದಿರು’ ಅನ್ನೋದೂ ಒಂದೇ ಬೇರಿಂದ ಹುಟ್ಟಿದ್ದು. ಎಸೆದದ್ದು ಬಿದ್ದಿರುತ್ತೆ, ಅಷ್ಟೆ. ಆದರೆ ನನಗೆ ಈ ಪದ ಯಾಕೆ ಇಷ್ಟ ಅಂದ್ರೆ, ಇದಕ್ಕೆ ನಾಳೆ ಇಲ್ಲ. ಬಿದ್ದಿದೆ, ಬಿದ್ದಿತ್ತು, ಮುಗೀತು. ಮುಂದೆ ಬಿದ್ದಿರುತ್ತೆ ಅಂತ ಹೇಳೋಕೆ ಆ ಭಾಷೆ ಒಪ್ಪಲ್ಲ. ನೋಡಿ, ಇಲ್ಲಿ ಆ ಜಾಗ…”

ಬೆರಳು ಪಟ್ಟಿಯ ಮೇಲೆ ಹೋಗಿ ನಿಂತಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸಮಿತಿಯವರಲ್ಲಿ ಒಬ್ಬರು ತಮ್ಮ ಪ್ರತಿಯಲ್ಲಿ ಅದೇ ಪುಟ ತೆಗೆದು ಇನ್ನೊಬ್ಬರಿಗೆ ತೋರಿಸಿದರು.

“ಇದು ನಾನು ಬರೆದದ್ದಲ್ಲ,” ಎಂದರು ಮೇಷ್ಟ್ರು ಮೆಲ್ಲಗೆ. ಆಮೇಲೆ ಕುರ್ಚಿ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿ ಕೂತರು.

ಸಮಿತಿ ಪುಸ್ತಕವನ್ನು ಒಪ್ಪಲಿಲ್ಲ. ಇಲ್ಲದ ರೂಪಗಳನ್ನು ಮಕ್ಕಳಿಗೆ ಕಲಿಸುವ ಪುಸ್ತಕ ಬೇಡ ಎಂದು ಒಂದು ಸಾಲಿನ ಕಾಗದ ಬಂತು. ಮಾರನೆಯ ದಿನ ಯಜಮಾನರು ಎಲ್ಲರನ್ನೂ ಕಂಪೋಸಿಂಗ್ ಕೋಣೆಗೆ ಕರೆದರು. ಮೇಷ್ಟ್ರ ಹಸ್ತಪ್ರತಿಯ ಆ ಹಾಳೆ ಅವರ ಕೈಯಲ್ಲಿತ್ತು.

“ಮೂಲದಲ್ಲಿ ಖಾಲಿ ಇದೆ. ಪುಸ್ತಕದಲ್ಲಿ ತುಂಬಿದೆ. ಎಲ್ಲಿಂದ ಉದುರ್ತು ಇದು? ಕರಡು ಎಲ್ಲಿ?”

“ಮೇಷ್ಟ್ರ ಮನೆಗೆ ಕಳಿಸಿದ ಕಟ್ಟಿನಲ್ಲಿ ಹೋಗಿರಬೇಕು,” ಎಂದಳು ಅವಳು.

“ನಿನ್ನ ಕಣ್ಣಿಗೆ ಬೀಳಲಿಲ್ವಾ?”

“ನೆನಪಿಲ್ಲ ಸಾರ್.”

ಯಜಮಾನರು ಮೊಳೆಯಣ್ಣನ ಕಡೆ ತಿರುಗಿದರು. “ನೀನೇ ಜೋಡಿಸಿದ್ದಾ?”

“ಹೌದು, ನಾನೇ ಜೋಡಿಸಿದ್ದು.”

“ಜಾಗ ಖಾಲಿ ಕಾಣ್ತು ಅಂತ ಬೇರೆ ಯಾವುದೋ ಪುಟದ ಸಾಲು ಎತ್ತಿ ತುರುಕಿದೆಯಾ?”

ಮೊಳೆಯಣ್ಣ ಅವಳ ಕಡೆ ನೋಡಿದ. ಸಿಟ್ಟಿನ ನೋಟವಲ್ಲ, ಮಾತು ಬರಲಿ ಎಂದು ಎದುರಿನವರಿಗೆ ಜಾಗ ಬಿಡುವ ಹಾಗಿತ್ತು. ಅವಳು ತನ್ನ ಪೆನ್ನಿನ ಮುಚ್ಚಳವನ್ನು ತಿರುಗಿಸಿ ತೆಗೆದಳು, ತಿರುಗಿಸಿ ಹಾಕಿದಳು. ಅಮ್ಮನ ಔಷಧಿಯ ಬಾಟಲಿ, ತಂಗಿಯರ ಸಮವಸ್ತ್ರ ಎಲ್ಲ ಕಣ್ಣ ಮುಂದೆ ಬಂದವು ಎಂದು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಳು. ನಿಜವಾಗಿ ಆ ಗಳಿಗೆಯಲ್ಲಿ ಅವಳ ತಲೆಯಲ್ಲಿದ್ದದ್ದು ಒಂದೇ: ‘ನಮ್ಮ ಕರಡಮ್ಮನ ಕೈಗೆ ಹೋಗಿ ಬಂದ್ರೆ ಮುಗೀತು.’

ಸಂಜೆಯ ಹೊತ್ತಿಗೆ ಮೊಳೆಯಣ್ಣನ ಕೆಲಸ ಹೋಯಿತು.

ಆಮೇಲಿನ ನಾಲ್ಕು ದಿನ ಅವಳು ಸಾವಿರ ಪ್ರತಿಗಳ ಆ ಹನ್ನೆರಡು ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸಿದಳು. ಖಾಲಿ ಚೀಟಿ ಸಾಕು, ಬೇರೆ ಏನೂ ಬರೆಯಬೇಡಿ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರಂತೆ. ಅಂಟು ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಅಡಿಯಲ್ಲಿದ್ದ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು.

ಮೇಷ್ಟ್ರ ಮನೆಗೆ ಹೋಗುವುದನ್ನು ಅವಳು ನಿಲ್ಲಿಸಿದಳು. ಮೊದಲು ಕೆಲಸ ಜಾಸ್ತಿ ಎಂದಳು, ಆಮೇಲೆ ಅಮ್ಮನಿಗೆ ಹುಷಾರಿಲ್ಲ ಎಂದಳು, ಆಮೇಲೆ ಯಾರೂ ಕೇಳದೇ ಇದ್ದುದರಿಂದ ನೆಪ ಹೇಳುವ ಕೆಲಸವೂ ತಪ್ಪಿತು. ಏಳು ವರ್ಷ ಹೀಗೇ ಹೋಯಿತು. ತಂಗಿಯರು ಓದು ಮುಗಿಸಿ ತಮ್ಮ ಕಾಲ ಮೇಲೆ ನಿಂತರು. ಅಚ್ಚುಕೂಟಕ್ಕೆ ಹೊಸ ಯಂತ್ರ ಬಂತು, ಸೀಸದ ಮೊಳೆಗಳನ್ನೆಲ್ಲ ಕರಗಿಸುವವರಿಗೆ ತೂಕದ ಮೇಲೆ ಕೊಟ್ಟರು. ಟೋಪಿಯ ಅಕ್ಷರಗಳ ಸಣ್ಣ ಪೆಟ್ಟಿಗೆಯೂ ಅದರ ಜೊತೆಗೆ ಹೋಯಿತು.

ಎಂಟನೆಯ ವರ್ಷದಲ್ಲಿ ಮೇಷ್ಟ್ರ ತಂಗಿಯ ಮಗಳು ಅಚ್ಚುಕೂಟಕ್ಕೆ ಬಂದಳು.

“ಮಾವ ಹಾಸಿಗೆ ಹಿಡಿದಿದ್ದಾರೆ. ನಿಮ್ಮನ್ನ ಕೇಳ್ತಾರೆ. ಒಂದ್ಸಲ ಬಂದು ಹೋಗಿ.”

ಹೋದಳು. ಕೋಣೆಯ ಕಿಟಕಿಗೆ ಅರ್ಧ ಪರದೆ ಎಳೆದಿತ್ತು. ಮೇಷ್ಟ್ರು ಹಾಸಿಗೆಗೆ ಅಂಟಿಹೋದ ಹಾಗೆ ಸಣ್ಣಗಾಗಿದ್ದರು. ಕುರ್ಚಿ ಎಳೆದುಕೊಂಡು ಕೂತವಳನ್ನು ನೋಡಿ ಅವರೇ ಮೊದಲು ಮಾತಾಡಿದರು.

“‘ಜ ಜೀ’, ಬಿದ್ದಿದ್ದೀನಿ. ಈಗ ನಾನೇ ಅದನ್ನ ಹೇಳಬಹುದು ನೋಡು, ವ್ಯಾಕರಣ ಶುದ್ಧವಾಗಿ.”

ಅವಳಿಗೆ ನಗಲು ಆಗಲಿಲ್ಲ. “ಸಾರ್, ಆ ಪುಟ…”

“ಗೊತ್ತು.”

“ಏನು ಗೊತ್ತು ಸಾರ್?”

“ಆ ಹನ್ನೆರಡು ಸಾಲು ಬರೆದೋಳು ನೀನು ಅಂತ. ಸಭೆಯಲ್ಲಿ ನೋಡಿದ ಗಳಿಗೆಯಲ್ಲೇ ಗೊತ್ತಾಯ್ತು. ಭಾಷೆ ಬಾರದೋನು ಅಂಥ ತಪ್ಪು ಮಾಡಲಾರ ಮಗು. ಬೇರೆ ಪುಟದಿಂದ ಎತ್ತಿಟ್ಟಿದ್ರೆ ಬೇರೆ ಪದದ ಸಾಲು ಇರ್ತಿತ್ತು. ಇಲ್ಲದ ಕಾಲಕ್ಕೆ ಅಷ್ಟು ಸರಿಯಾಗಿ ಬಾಲ ಹಚ್ಚೋಕೆ ಚೆನ್ನಾಗಿ ಕಲಿತಿರಬೇಕು. ಅದರಲ್ಲಿ ನನ್ನ ಪಾಠ ಇತ್ತು.”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. “ಯಾಕೆ ಹೇಳಲಿಲ್ಲ ಸಾರ್?” ಎಂದಳು.

“ನೀನು ಬಂದು ಹೇಳ್ತೀಯ ಅಂತ ಕಾದೆ. ಮೇಷ್ಟ್ರ ಬುದ್ಧಿ, ಉತ್ತರ ಮಗುವಿನ ಬಾಯಿಂದಲೇ ಬರಲಿ ಅನ್ನೋದು. ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ಅಷ್ಟರಲ್ಲಿ ಅವನ ಕೆಲಸ ಹೋಗಿದೆ ಅಂತ ಗೊತ್ತಾಯ್ತು. ಆಗಲಾದ್ರೂ ಒಂದು ಮಾತು ಹೇಳಿ ಕಳಿಸಬಹುದಿತ್ತು. ನಿನ್ನ ಹೆಸರು ಹೇಳೋಕೆ ನಾಲಗೆ ಬರಲಿಲ್ಲ. ಸಾಲು ನಿನ್ನದು, ಸರಿ. ಸುಮ್ಮನಿದ್ದದ್ದರಲ್ಲಿ ನಾನೂ ಅರ್ಧ.”

ತಂಗಿಯ ಮಗಳು ನೀರು ತಂದಿಟ್ಟು ಹೋದಳು. ಮೇಷ್ಟ್ರು ಎರಡು ಗುಟುಕು ಕುಡಿದು ಮತ್ತೆ ಪಾಠದ ದನಿಗೆ ಬಂದರು.

“ಇದೇನು ಪರದೇಶದ ವಿಚಿತ್ರ ಅಲ್ಲ. ನಮ್ಮ ‘ಸಾಕು’ ತಗೋ. ಅದಕ್ಕೆ ನಾಳೆ ಮಾಡು ನೋಡೋಣ. ‘ಸಾಕಾಗುತ್ತೆ’ ಅಂತ ಪಕ್ಕದ ಮನೆಯಿಂದ ‘ಆಗು’ ಎರವಲು ತರಬೇಕು. ‘ಬೇಕು’ ಕೂಡ ಹಾಗೇ. ದಿನಾ ಬಾಯಲ್ಲಿ ಇರೋದರಿಂದ ಕಣ್ಣಿಗೆ ಬೀಳಲ್ಲ. ಆ ಜೇಜೀರ್‌ಗೂ ಹಿಂದೊಂದು ಕಾಲದಲ್ಲಿ ನಾಳೆ ಇತ್ತಂತೆ. ಹಳೇ ಪುಸ್ತಕಗಳಲ್ಲಿ ಸಿಗುತ್ತೆ. ಯಾರೂ ಬಳಸದೆ ಬಳಸದೆ ಕಳೆದುಹೋಯ್ತು.” ಉಸಿರು ಎಳೆದುಕೊಂಡರು. “ಅವನನ್ನ ಹೋಗಿ ನೋಡು. ತಡ ಮಾಡಬೇಡ.”

“ಹೋಗ್ತೀನಿ ಸಾರ್.”

ಹೋಗಲಿಲ್ಲ. ಈ ವಾರ ಬೇಡ, ಮುಂದಿನ ವಾರ ಎಂದುಕೊಂಡಳು. ವಿಳಾಸ ವಿಚಾರಿಸಿ ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಎರಡು ಸಲ ಆ ಬೀದಿಯ ತಿರುವಿನವರೆಗೂ ಹೋಗಿ, ಅಲ್ಲಿನ ಅಂಗಡಿಯಲ್ಲಿ ಬೇಡದ ಸೋಪು ಕೊಂಡು ಹಿಂದಿರುಗಿದಳು. ಹೀಗೆ ಐದು ವಾರ ಕಳೆಯುವಷ್ಟರಲ್ಲಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂತು. ಅವಳು ಹೋಗಿ ನೋಡಿ ಬಂದಳು. ತಂಗಿಯ ಮಗಳು ಅವಳನ್ನು ಬಾಗಿಲವರೆಗೆ ಬಿಡಲು ಬಂದು, “ಕಡೇ ವಾರ ಎಲ್ಲ, ‘ಅವಳು ಹೋಗಿ ಬಂದ್ಲಾ’ ಅಂತ ಕೇಳ್ತಿದ್ರು. ಎಲ್ಲಿಗೆ ಅಂತ ನನಗೆ ಗೊತ್ತಾಗಲಿಲ್ಲ. ‘ಹೋಗಿ ಬಂದ್ರು ಮಾವ’ ಅಂದುಬಿಟ್ಟೆ,” ಎಂದಳು.

ಮರುದಿನ ಅವಳು ಕೆಲಸಕ್ಕೆ ರಜೆ ಹಾಕಿ ಮೊಳೆಯಣ್ಣನ ಮನೆಗೆ ಹೋದಳು.

ಬೀದಿಗೆ ತೆರೆದ ಮುಂದಿನ ಕೋಣೆಯಲ್ಲೇ ಅವನು ರಬ್ಬರ್ ಸ್ಟಾಂಪ್ ಮಾಡಿಕೊಡುತ್ತಿದ್ದ. ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಯಾವುದೋ ಕಚೇರಿಗಳ ದುಂಡು ಮೊಹರುಗಳು, ಸಹಿ ಮಾಡುವವರ ಹುದ್ದೆಗಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಸಣ್ಣ ಚಾಕುವಿನಿಂದ ರಬ್ಬರಿನ ಅಂಚು ಕತ್ತರಿಸುತ್ತಿದ್ದವನು ತಲೆಯೆತ್ತಿ ಅವಳನ್ನು ನೋಡಿ, ಮತ್ತೆ ತಲೆ ತಗ್ಗಿಸಿ ಆ ಅಂಚನ್ನು ಪೂರ್ತಿ ಕತ್ತರಿಸಿದ. ಕೂತ್ಕೋ ಎನ್ನಲಿಲ್ಲ.

“ಮೊಳೆಯಣ್ಣ, ಅವತ್ತು ತಪ್ಪು ನನ್ನದು.”

“ಗೊತ್ತಲ್ಲ. ಬರೆದು ಕೊಟ್ಟೋಳು ನೀನು, ಜೋಡಿಸಿದೋನು ನಾನು. ಹೊಸ ವಿಷಯ ಏನಿದೆ?”

“ಅವತ್ತು ಹೇಳಬೇಕಿತ್ತು.”

“ಹೌದು. ಅವತ್ತು.”

ಅವಳು ಕೈಚೀಲದಿಂದ ಹಳದಿಯಾಗಿದ್ದ ಕರಡಿನ ಹಾಳೆ ತೆಗೆದು ಅವನ ಮುಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

“ನೀವೇ ಯಾಕೆ ಹೇಳಲಿಲ್ಲ? ಕರಡಮ್ಮ ಬರೆದುಕೊಟ್ಟಳು ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತು.”

“ನಾನು ಹೇಳಿದ್ರೆ ಅದು ಚಾಡಿ. ಕಾಗದ ಇಲ್ಲ, ಸಾಕ್ಷಿ ಇಲ್ಲ. ನೀನು ಹೇಳಿದ್ರೆ ಅದು ಮಾತು.” ಚಾಕುವನ್ನು ಬಟ್ಟೆಯಲ್ಲಿ ಒರೆಸಿದ. “ಸಂಜೆ ಆರರವರೆಗೂ ಆ ಸ್ಟೂಲ್ ಮೇಲೇ ಕೂತಿದ್ದೆ. ಎಲ್ಲರ ಮುಂದೆ ಬಾಯಿ ಬರಲಿಲ್ಲ, ಸರಿ, ಹೋಗುವಾಗ ಬಂದು ಹೇಳ್ತಾಳೆ ಅಂತ. ನೀನು ಹಿಂದಿನ ಬಾಗಿಲಿಂದ ಹೋದೆ.”

ಅವಳು ಅಳತೊಡಗಿದಳು. ಅವನು ಅವಳನ್ನು ಸಮಾಧಾನ ಮಾಡಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಒಳಗಿಂದ ಅವನ ಹೆಂಡತಿ ಬಾಗಿಲಿಗೆ ಬಂದು, ಯಾರೆಂದು ಗುರುತು ಹಿಡಿದು, ಹಾಗೇ ಒಳಗೆ ಹೋದಳು.

“ಕೆಲಸ ಹೋಯ್ತು ಅಂತ ನನಗೆ ಸಂಕಟ ಇಲ್ಲ,” ಎಂದ ಮೊಳೆಯಣ್ಣ ಕೊನೆಗೆ. “ಹೇಗಿದ್ರೂ ಆ ಮೊಳೆಗಳೇ ಹೋದ್ವು, ಅವುಗಳ ಜೊತೆ ನಾನೂ ಹೋಗ್ತಿದ್ದೆ. ಆದ್ರೆ ಬೇರೆ ಅಚ್ಚುಕೂಟಕ್ಕೆ ಕೆಲಸ ಕೇಳೋಕೆ ಹೋದಾಗ, ‘ಓ, ಮೇಷ್ಟ್ರ ಪುಸ್ತಕ ಕೆಡಿಸಿದೋನು’ ಅಂದ್ರು. ಇಪ್ಪತ್ತೆರಡು ವರ್ಷ ಒಂದು ಮೊಳೆ ತಲೆಕೆಳಗು ಇಟ್ಟೋನಲ್ಲ ನಾನು. ಅದು ನುಂಗೋಕೆ ಆಗಲಿಲ್ಲ.”

“ಈಗ ನಾನೇನು ಮಾಡಲಿ, ಹೇಳಿ.”

“ನನ್ನ ಹತ್ರ ಬಂದು ಅತ್ತರೆ ಏನು ಬಂತು? ಅಲ್ಲಿ ಹೋಗಿ ಹೇಳು. ಎಲ್ಲರೂ ಓದೋ ಹಾಗೆ ಬರೆದು ಹಾಕು.”

ಅವಳು ಬರೆದಳು. ಒಂದು ಪುಟಕ್ಕೆ ಮೂರು ದಿನ ಹಿಡಿಯಿತು. ನಡೆದದ್ದನ್ನು ಅಷ್ಟಕ್ಕಷ್ಟೇ ಬರೆದು, ಕೆಳಗೆ ಸಹಿ ಹಾಕಿ, ಕರಡಿನ ಹಾಳೆಯನ್ನೂ ಜೊತೆಗಿಟ್ಟು ಯಜಮಾನರ ಮೇಜಿನ ಮೇಲೆ ಇಟ್ಟಳು. ಅವರಿಗೂ ವಯಸ್ಸಾಗಿತ್ತು. ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟರು.

“ಎಂಟು ವರ್ಷ ಆಯ್ತಲ್ಲಮ್ಮ. ಇದನ್ನೀಗ ಕೆದಕಬೇಕಾ?”

“ಬೋರ್ಡಿಗೆ ಹಾಕಬೇಕು ಸಾರ್. ಆಮೇಲೆ ನನ್ನನ್ನ ಇಟ್ಕೊಳ್ಳೋದು ಬಿಡೋದು ನಿಮ್ಮಿಷ್ಟ.”

“ನಿನ್ನನ್ನ ಕಳಿಸಿ ಯಾರನ್ನ ತರಲಿ?” ಎಂದರು ಬೇಸರದಿಂದ. ಆಮೇಲೆ, “ಅವನನ್ನ ಕಳಿಸಿದವನು ನಾನು. ಒಂದು ಸ್ವಲ್ಪ ವಿಚಾರ ಮಾಡಲಿಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಡ್ರಾಯರಿನಿಂದ ನಾಲ್ಕು ಪಿನ್ನು ಹುಡುಕಿ ಅವರೇ ಕೊಟ್ಟರು.

ಬಾಗಿಲ ಪಕ್ಕದ ಹಲಗೆಯಲ್ಲಿ, ರಜೆಗಳ ಪಟ್ಟಿಯ ಕೆಳಗೆ ಅವಳು ಆ ಕಾಗದವನ್ನು ಚುಚ್ಚಿದಳು. ಹತ್ತು ದಿನ ಅಲ್ಲಿತ್ತು. ಕಂಪ್ಯೂಟರ್ ಮುಂದೆ ಕೂತು ಪುಟ ಕಟ್ಟುವ ಹುಡುಗಿಯರು ಊಟದ ಹೊತ್ತಿನಲ್ಲಿ ನಿಂತು ಓದಿದರು. ಒಬ್ಬಳು ಬಂದು, “ಅಕ್ಕಾ, ಈ ಮೊಳೆಯಣ್ಣ ಅಂದ್ರೆ ಯಾರು?” ಎಂದು ಕೇಳಿದಳು. ಇನ್ನೊಬ್ಬಳು, “ಒಂದು ಪುಟಕ್ಕೆ ಇಷ್ಟೆಲ್ಲ ಆಯ್ತಾ?” ಎಂದಳು. ಹೊಸ ಯಂತ್ರ ನೋಡಿಕೊಳ್ಳುವವನು ಅದನ್ನು ಅರ್ಧ ಓದಿ ಹೋದ. ಅವಳು ನಿರೀಕ್ಷಿಸಿದ್ದ ನಾಚಿಕೆಯಾಗಲಿ ಬೈಗುಳವಾಗಲಿ ಬರಲಿಲ್ಲ. ಅವಮಾನ ಆಗಬೇಕಾದರೆ ಮೊಳೆಯಣ್ಣ ಯಾರೆಂದು ಅಲ್ಲಿದ್ದವರಿಗೆ ಗೊತ್ತಿರಬೇಕಿತ್ತು.

ಹನ್ನೊಂದನೆಯ ದಿನ ಅವಳು ಮತ್ತೆ ಆ ಬೀದಿಗೆ ಹೋದಳು. ಮೊಳೆಯಣ್ಣ ಒಂದು ಮೊಹರನ್ನು ಶಾಯಿಗೆ ಒತ್ತಿ ಹಳೆಯ ಪೇಪರಿನ ಮೇಲೆ ಹಾಕಿ ನೋಡುತ್ತಿದ್ದ.

“ಹಾಕಿದೆ. ಹತ್ತು ದಿನ ಇತ್ತು,” ಎಂದಳು.

“ಯಾರ್ಯಾರು ಓದಿದ್ರು?”

ಎಲ್ಲರೂ ಓದಿದರು ಎನ್ನಬಹುದಿತ್ತು. ಸುಳ್ಳೂ ಆಗುತ್ತಿರಲಿಲ್ಲ.

“ಓದಿದ್ರು. ಆದರೆ ಎಲ್ಲ ಹೊಸಬರು ಮೊಳೆಯಣ್ಣ. ನಿಮ್ಮನ್ನ ಬಲ್ಲವರು ಅಂದ್ರೆ ಯಜಮಾನರು, ಬೈಂಡರ್ ಮಾವ. ಇನ್ಯಾರೂ ಉಳಿದಿಲ್ಲ.”

ಅವನು ಮೊಹರನ್ನು ಕೆಳಗಿಟ್ಟ. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

“ಬೈಂಡರ್ ಓದಿದನಾ?”

“ಓದಿದ್ರು. ಕನ್ನಡಕ ತರಿಸ್ಕೊಂಡು ಓದಿದ್ರು.”

“ಏನಂದ?”

“ಏನೂ ಅನ್ನಲಿಲ್ಲ.”

“ಅವನು ಯಾವತ್ತೂ ಏನೂ ಅನ್ನಲ್ಲ,” ಎಂದ ಮೊಳೆಯಣ್ಣ. ಪಕ್ಕದಲ್ಲಿದ್ದ ಮಣೆಯ ಮೇಲಿನ ರಬ್ಬರ್ ಚೂರುಗಳನ್ನು ಕೈಯಿಂದ ಸರಿಸಿ ಜಾಗ ಮಾಡಿದ. ಅದು ಅವಳಿಗೆ ಕೂರಲೆಂದೋ, ತನ್ನ ಕೆಲಸಕ್ಕೆಂದೋ ಅವಳಿಗೆ ತಿಳಿಯಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ನಿಂತಲ್ಲಿಂದಲೇ ಬರ್ತೀನಿ ಎಂದಳು. ಅವನು ಹೂಂ ಎಂದ.